ಜಾರಿದ ನೆಲ ಮತ್ತೆ ಏರುವ ಬಗೆ

ಬೆಲ್ಲದ ಬಾಗೇವಾಡಿ

ಮೊಮ್ಮಗಳೇ,

ಧಾರವಾಡಕ್ಕೆ ಭೂವಿಜ್ಞಾನ ಓದಲು ಹೋದಾಗಿನಿಂದ ನಿನ್ನ ಫೋನು “ಊಟ ಆತೇನಜ್ಜ” ಎಂಬಲ್ಲಿಗೆ ನಿಲ್ಲುತ್ತಿಲ್ಲ, ನನಗದು ಖುಷಿ. “ಕುಸಿದು ತಗ್ಗಾದ ಜಾಗಾನ ಮುಂದ ಗುಡ್ಡ ಆಗತೈತಂತ, ಹೆಂಗಜ್ಜ?” ಅಂದೆಯಲ್ಲ, ಇಂಥದ್ದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ. ಅದಕ್ಕೇ ಈ ಕಾಗದ.

ನೆಲವನ್ನು ಎರಡೂ ಕಡೆಯಿಂದ ಎಳೆದರೆ ಅದು ಕಡಿದಾದ ಇಳಿಜಾರಿನಲ್ಲಿ ಸೀಳುತ್ತದೆ. ಸೀಳಿನ ಮೇಲೆ ಒರಗಿದ ಭಾಗ ಕೆಳಗೆ ಜಾರುತ್ತದೆ. ಆ ತಗ್ಗಿಗೆ ನದಿ, ಸಮುದ್ರಗಳು ಮರಳು, ಕೆಸರು, ಸುಣ್ಣ ತಂದು ತುಂಬುತ್ತವೆ. ಜಾರಿದ ಕಡೆ ಪದರ ದಪ್ಪ, ಜಾರದ ಕಡೆ ತೆಳು. ಕೋಟ್ಯಂತರ ವರ್ಷಗಳ ಮೇಲೆ ಎಳೆತ ನಿಂತು ಒತ್ತಡ ಶುರುವಾಯಿತು ಅನ್ನು. ಅಡ್ಡದಿಂದ ಬರುವ ಒತ್ತಡಕ್ಕೆ ಹೊಸದಾಗಿ ಒಡೆಯುವುದಾದರೆ ನೆಲ ಸುಮಾರು 30 ಡಿಗ್ರಿಯ ಓರೆಯಲ್ಲಿ ಒಡೆಯಬೇಕು. ಹಳೆಯ ಸೀಳು ಇರುವುದು 60 ಡಿಗ್ರಿಯ ಆಸುಪಾಸು, ಲೆಕ್ಕದ ಪ್ರಕಾರ ಅದು ಜಾರಲು ಅನುಕೂಲವಲ್ಲ. ಆದರೂ ಅನೇಕ ಕಡೆ ಜಾರುವುದು ಅದೇ. ಅದರೊಳಗಿನ ಕಲ್ಲು ಅರೆದು ಜೇಡಿಯಾಗಿರುತ್ತದೆ, ಸೇರಿಕೊಂಡ ನೀರಿನ ಒತ್ತಡ ಎರಡು ಬದಿಗಳ ಹಿಡಿತ ಸಡಿಲಿಸಿರುತ್ತದೆ. ನಮ್ಮೂರ ಬೆಲ್ಲದ ಪೆಂಟಿಗೆ ಒಮ್ಮೆ ಬಿರುಕು ಬಿದ್ದರೆ ಎರಡನೇ ಏಟಿಗೆ ಅಲ್ಲೇ ಒಡೆಯುವುದನ್ನು ನೀನು ನೋಡಿದ್ದೀಯ. ಹಾಗೆ ಜಾರಿದ ಭಾಗ ಬಂದ ದಾರಿಯಲ್ಲೇ ಮೇಲೇರುತ್ತದೆ, ಮೇಲಿನ ಪದರಗಳು ಕಮಾನಿನಂತೆ ಬಾಗುತ್ತವೆ. ಕೆಳಗಿನ ಪದರಗಳು ಮಾತ್ರ ಎಷ್ಟೋ ಸಲ ಪೂರ್ತಿ ವಾಪಸು ಬರುವುದಿಲ್ಲ. ಒಂದೇ ಸೀಳಿನ ಬುಡದಲ್ಲಿ ಕುಸಿತ, ತಲೆಯಲ್ಲಿ ಏರಿಕೆ ಎರಡೂ ಕಂಡರೆ, ದಪ್ಪ ಪದರದ ಜಾಗವೇ ಗುಡ್ಡವಾಗಿದ್ದರೆ, ಆ ನೆಲ ತಿರುಗಿ ಎದ್ದದ್ದು ಎಂದು ತಿಳಿ.

ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಕಚ್ಛ್. ಗೊಂಡ್ವಾನ ಖಂಡ ಒಡೆಯುವ ಕಾಲಕ್ಕೆ ಅಲ್ಲಿ ನೆಲ ಸೀಳಿ ಕುಸಿದು ಸಮುದ್ರ ಒಳಗೆ ಬಂತು. ಅದಕ್ಕೇ ಇವತ್ತು ಕಚ್ಛದ ಒಣ ಗುಡ್ಡಗಳಲ್ಲಿ ಜುರಾಸಿಕ್ ಕಾಲದ ಸಮುದ್ರಜೀವಿ ಅಮೊನೈಟುಗಳ ಸುರುಳಿ ಚಿಪ್ಪುಗಳು ಸಿಗುತ್ತವೆ. ಮುಂದೆ ಭಾರತ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಆ ಒತ್ತಡ ಹಿಮಾಲಯಕ್ಕೆ ಮುಗಿಯದೆ ನಮ್ಮ ಪರ್ಯಾಯದ್ವೀಪದ ತನಕ ಬರುತ್ತದೆ. ಕಚ್ಛದ ಕುಸಿತದ ಸೀಳುಗಳು ಈಗ ಏರಿಕೆಯ ಸೀಳುಗಳಾಗಿವೆ. 1819ರ ಜೂನ್ 16ರ ಭೂಕಂಪದಲ್ಲಿ ಸಪಾಟಾದ ಉಪ್ಪಿನ ಬಯಲಾದ ಕಚ್ಛದ ರಣದೊಳಗೆ ಉದ್ದಕ್ಕೆ ಒಂದು ದಿಬ್ಬವೇ ಎದ್ದಿತು, ಜನ ಅದಕ್ಕೆ ‘ಅಲ್ಲಾ ಬಂದ್’ ಎಂದರು. 2001ರ ಜನವರಿ 26ರ ಭುಜ್ ಭೂಕಂಪದ ಸೀಳು ಮೇಲಕ್ಕೆ ಬರಲೇ ಇಲ್ಲ, ಆಳದಲ್ಲೇ ಜಾರಿ ಸಾವಿರಾರು ಜನರನ್ನು ಕೊಂದಿತು.

ಇನ್ನು ನಮ್ಮ ಕಡೆಗೆ ಬಾ. ನಮ್ಮೂರ ಕಬ್ಬಿನ ಹೊಲದ ಎರೆಮಣ್ಣು ದಖ್ಖನ್ ಲಾವಾದ ಕಲ್ಲು ಶಿಥಿಲವಾಗಿ ಆದದ್ದು. ಪೂರ್ವಕ್ಕೆ ನಡೆದರೆ ಆ ಲಾವಾದ ಅಡಿಯಿಂದ ಕಲಾದಗಿ ಕಲ್ಲುಗಳು ಹೊರಗೆ ಬರುತ್ತವೆ. 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ನೆಲದ ಬಗ್ಗೆ ಬರೆದ ರಾಬರ್ಟ್ ಬ್ರೂಸ್ ಫೂಟ್ ವಿವರಿಸಿದ್ದು ಇವನ್ನೇ. ಅವು ನೂರು ಕೋಟಿ ವರ್ಷಕ್ಕೂ ಹಿಂದಿನ ಒಂದು ತಗ್ಗಿನಲ್ಲಿ ತುಂಬಿದವು. ಲೋಕಾಪುರ, ಬಾಗಲಕೋಟೆಯ ಕಡೆ ಅವುಗಳ ಪದರಗಳು ಪೂರ್ವ-ಪಶ್ಚಿಮದ ಮಡಿಕೆಗಳಾಗಿ ವಾಲಿ ನಿಂತಿವೆ. ಅವುಗಳ ಮೇಲೆ ಬಾದಾಮಿಯ ಮರಳುಗಲ್ಲು ಹೆಚ್ಚುಕಡಿಮೆ ಸಪಾಟಾಗಿ ಮಲಗಿದೆ. ಅಂದರೆ ಕೆಳಗಿನವು ಬಾಗಿದ್ದು ಮೇಲಿನವು ಹುಟ್ಟುವ ಮೊದಲೇ. ಇಲ್ಲಿನ ಮಡಿಕೆಗೂ ಹಿಮಾಲಯಕ್ಕೂ ಸಂಬಂಧವಿಲ್ಲ.

ಆದರೆ ನೋಡವ್ವ, ಕಲಾದಗಿಯನ್ನು ಕಚ್ಛದ ಜೊತೆ ಒಂದೇ ಸಾಲಿನಲ್ಲಿ ಕೂರಿಸಬೇಡ. ಒತ್ತಡದಿಂದ ತಗ್ಗು ಮುಚ್ಚಿ ಪದರಗಳು ಮಡಚಿದವು ಎನ್ನುವವರಿದ್ದಾರೆ. ಯಾರೂ ಒತ್ತಲಿಲ್ಲ, ಪದರಗಳು ತಮ್ಮ ಭಾರಕ್ಕೇ ಅಡಿಪಾಯದ ಮೇಲೆ ಜಾರಿ ಮುದ್ದೆಯಾದವು ಎನ್ನುವವರೂ ಇದ್ದಾರೆ. ಎರಡನೆಯವರ ವಾದ ಹಗುರವಾದದ್ದಲ್ಲ. ಮಡಿಕೆ ಕಂಡಲ್ಲೆಲ್ಲ ಹಳೆಯ ಸೀಳು ತಿರುಗಿ ಎದ್ದಿತು ಎಂದು ಬರೆಯುವುದು ಸೋಮಾರಿತನ. ಮೊದಲು ಸೀಳು ತೋರಿಸಬೇಕು, ಅದರ ಎರಡೂ ಬದಿಯ ದಪ್ಪ ಅಳೆದು ತೋರಿಸಬೇಕು. ಘಟಪ್ರಭೆ 52 ಮೀಟರ್ ಧುಮುಕುವ ಗೋಕಾಕದ ಬಂಡೆ ಚೆಂದ ಅಂತ ಎಲ್ಲರೂ ಫೋಟೋ ತೆಗೆಯುತ್ತಾರೆ, ಪದರದ ಓರೆ ಅಳೆಯುವವರು ಕಡಿಮೆ. ರಜೆಗೆ ಬರುವಾಗ ಓರೆ ಅಳೆಯುವ ಕ್ಲೈನೋಮೀಟರ್ ತಾ. ಲೋಕಾಪುರಕ್ಕೂ ಹೋಗಿ ಬರೋಣ, ಬುತ್ತಿ ನಿನ್ನ ಅಜ್ಜಿ ಕಟ್ಟುತ್ತಾಳೆ.

ಕೊನೆಗೊಂದು ಮನೆಯ ಮಾತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಮಲಗಿದ್ದ ಮಹಾರಾಷ್ಟ್ರದ ಕಿಲ್ಲಾರಿಯ ಜನರ ಮೇಲೆ ಮನೆಗಳು ಬಿದ್ದವು. ಕಚ್ಛದ ಹಾಗೆ ಅಲ್ಲಿ ಕಣ್ಣಿಗೆ ಕಾಣುವ ಸೀಳುಕಣಿವೆ ಇಲ್ಲ. ಆದರೂ ಲಾವಾದ ಅಡಿಯ ನೆಲ ಏಷ್ಯಾಕ್ಕೆ ಡಿಕ್ಕಿ ಹೊಡೆದ ಅದೇ ಒತ್ತಡಕ್ಕೆ ಏರಿಕೆಯ ಸೀಳಾಗಿ ಜಾರಿತು. ಭೂಕಂಪದ ಪ್ರಮಾಣ 6.2 ಅಷ್ಟೆ, ಹೆಚ್ಚಿನವರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಹೇರಿದ ಮಣ್ಣಿನ ಮಾಳಿಗೆ. ಅಂಥ ಮನೆಗಳು ನಮ್ಮ ಓಣಿಯಲ್ಲೂ ಇವೆ. 2002ರ ಭೂಕಂಪ ನಕ್ಷೆಯಲ್ಲಿ ಬೆಳಗಾವಿ ಮೂರನೇ ವಲಯದಲ್ಲಿದೆ, ಅಪಾಯ ಇಲ್ಲದ ಜಾಗವೇನಲ್ಲ. ನಿನ್ನ ಕಾಕಾ ಹೊಲದಲ್ಲಿ ಹೊಸ ಮನೆಗೆ ಬುನಾದಿ ತೆಗೆಸಿದ್ದಾನೆ. ಬುನಾದಿಯ ಮೇಲೊಂದು, ಬಾಗಿಲು-ಕಿಟಕಿಯ ಮಟ್ಟಕ್ಕೊಂದು ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕಿಸು ಅಂದರೆ “ಖರ್ಚು ಹೆಚ್ಚಾಗತೈತಿ” ಅನ್ನುತ್ತಾನೆ. ನನ್ನ ಮಾತು ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾನೆ. ಈ ಕಾಗದ ಮುಟ್ಟಿದ ದಿನವೇ ಅವನಿಗೆ ಫೋನ್ ಮಾಡಿ ಹೇಳವ್ವ.

ನಿನ್ನ ಅಜ್ಜ