ಹಿಂಭಾರ ಬೇಡ, ಅವಸರ ಬೇಡ

ಮಂಡ್ಯ ಕಬ್ಬಿನ ನಾಡು. 1933ರಲ್ಲಿ ಇಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಆಗ ಕಬ್ಬು ಎತ್ತಿನ ಗಾಡಿಯಲ್ಲಿ ಬರುತ್ತಿತ್ತು. ಈಗ ಹೆಚ್ಚಾಗಿ ಟ್ರ್ಯಾಕ್ಟರ್, ಲಾರಿಗಳಲ್ಲಿ ಬರುತ್ತದೆ. ಎಳೆಯುವುದು ಬದಲಾಯಿತು. ಭಾರದ ಗುಣ ಬದಲಾಗಲಿಲ್ಲ.

ತುಂಬಿದ ಟ್ರೇಲರ್ ರಸ್ತೆಯಲ್ಲಿ ಓಲಾಡುವುದನ್ನು ನೀವು ನೋಡಿರಬಹುದು. ಎಡಕ್ಕೆ ಎಳೆಯುತ್ತದೆ. ಬಲಕ್ಕೆ ಎಳೆಯುತ್ತದೆ. ಓಲಾಟ ಹೆಚ್ಚಾದರೆ ಮಗುಚಿಕೊಳ್ಳುತ್ತದೆ. ಟ್ರ್ಯಾಕ್ಟರನ್ನೂ ಎಳೆದು ಬೀಳಿಸಬಹುದು. ಇದು ಏಕೆ ಆಗುತ್ತದೆ? ತಡೆಯುವುದು ಹೇಗೆ?

ತಾತ ಗಾಡಿ ಹೊಡೆದವರು. ಮೊಮ್ಮಗ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವರ ಮಾತು ಓದಿ.

ತಾತ: ಕಬ್ಬನ್ನೆಲ್ಲ ಹಿಂದಕ್ಕೇ ಹಾಕಿಸಿದ್ದೀಯಲ್ಲಪ್ಪ?

ಮೊಮ್ಮಗ: ಇಳಿಸೋಕೆ ಸುಲಭ ತಾತ.

ತಾತ: ಎತ್ತಿನ ಗಾಡಿ ಹಿಂಭಾರ ಆದರೆ ಏನಾಗ್ತದೆ?

ಮೊಮ್ಮಗ: ಮೂಕಿ ಮೇಲಕ್ಕೆ ಏಳ್ತದೆ. ಎತ್ತಿನ ಕೊರಳು ಬಿಗೀತದೆ.

ತಾತ: ಮುಂಭಾರ ಆದರೆ?

ಮೊಮ್ಮಗ: ನೊಗ ಎತ್ತಿನ ಕತ್ತನ್ನ ಒತ್ತತದೆ.

ತಾತ: ಎತ್ತಿಗೆ ಕಷ್ಟ ಆದರೆ ನಿಂತುಬಿಡ್ತದೆ. ನಿನ್ನ ಟ್ರ್ಯಾಕ್ಟರಿಗೆ ಬಾಯಿಲ್ಲ, ಬುದ್ಧಿಯಿಲ್ಲ. ನೀನೇ ನೋಡ್ಕೋಬೇಕು ಕಣಪ್ಪ.

ತಾತ ಹೇಳಿದ್ದು ಸರಿ.

ಭಾರ ಎಲ್ಲಿರಬೇಕು?

ಎರಡು ಚಕ್ರದ ಟ್ರೇಲರಿನಲ್ಲಿ ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಕೊಂಡಿ ಮೇಲಕ್ಕೆ ಏಳುತ್ತದೆ. ಟ್ರ್ಯಾಕ್ಟರಿನ ಹಿಂದಿನ ಚಕ್ರಗಳಿಗೆ ನೆಲದ ಹಿಡಿತ ಕಡಿಮೆಯಾಗುತ್ತದೆ. ಆಗ ಟ್ರೇಲರ್ ಬಾಲ ಬೀಸಿದ ಹಾಗೆ ಓಲಾಡುತ್ತದೆ.

ಮುಂಭಾರ ಅತಿಯಾದರೂ ಕಷ್ಟ. ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಹಗುರಾಗುತ್ತವೆ. ಸ್ಟೇರಿಂಗ್ ಮಾತು ಕೇಳುವುದಿಲ್ಲ. ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಮೇಲೇಳಬಹುದು.

ಆದ್ದರಿಂದ ಅಚ್ಚಿನ ಮುಂದೆ ಸ್ವಲ್ಪ ಹೆಚ್ಚು, ಹಿಂದೆ ಸ್ವಲ್ಪ ಕಡಿಮೆ ಭಾರ ಇರಲಿ. ನಾಲ್ಕು ಚಕ್ರದ ಟ್ರೇಲರಿನಲ್ಲಿ ಭಾರವನ್ನು ಸಮವಾಗಿ ಹರಡಿ. ಎಡಕ್ಕೂ ಬಲಕ್ಕೂ ಒಂದೇ ಸಮ ಇರಲಿ. ಬಹಳ ಎತ್ತರ ಪೇರಿಸಬೇಡಿ. ಎತ್ತರದ ಹೇರು ತಿರುವಿನಲ್ಲಿ ಬೇಗ ಮಗುಚುತ್ತದೆ.

ಎಷ್ಟು ಭಾರ?

ಬಾಡಿಗೆ ಟನ್ನಿನ ಲೆಕ್ಕದಲ್ಲಿ ಸಿಗುತ್ತದೆ. ಅದಕ್ಕೇ ಹೆಚ್ಚು ತುಂಬುವ ಆಸೆ. ಆದರೆ ಟ್ರೇಲರ್ ತಾಳುವ ತೂಕಕ್ಕೆ ಮಿತಿ ಇದೆ. ಅದು ಆರ್.ಸಿ. ಪತ್ರದಲ್ಲಿ ಇರುತ್ತದೆ. ಅಕ್ಷರ ಇಂಗ್ಲಿಷಿನಲ್ಲಿದ್ದರೂ ಅಂಕಿಯನ್ನು ನೀವೇ ಓದಬಹುದು. ಖಾಲಿ ತೂಕ ಎಷ್ಟು? ತುಂಬಿದ ಮೇಲೆ ಎಷ್ಟು ಇರಬಹುದು? ಕಾರ್ಖಾನೆಯ ತೂಕದ ಚೀಟಿಯ ಜೊತೆ ಹೋಲಿಸಿ ನೋಡಿ. ಓದು ಬಂದವರನ್ನು ಯಾರೂ ಏಮಾರಿಸಲಾರರು. ನಮ್ಮನ್ನು ನಾವೂ ಏಮಾರಿಸಿಕೊಳ್ಳಬಾರದು.

ಹೊರಡುವ ಮೊದಲು

ಕೊಂಡಿಯ ಪಿನ್ನು ಸವೆದಿದೆಯೇ ನೋಡಿ. ಪಿನ್ನಿಗೆ ಲಾಕ್ ಹಾಕಿ. ಮೊಳೆ, ತಂತಿ ಸಿಕ್ಕಿಸಿ ಹೊರಡಬೇಡಿ. ಕೊಂಡಿಯ ಜೊತೆಗೆ ಸರಪಳಿಯನ್ನೂ ಕಟ್ಟಿ. ಪಿನ್ನು ಮುರಿದರೂ ಸರಪಳಿ ಹಿಡಿದುಕೊಳ್ಳುತ್ತದೆ.

ಎರಡು ಕಡೆಯ ಟೈರುಗಳಲ್ಲಿ ಗಾಳಿ ಸಮ ಇರಲಿ. ಚಕ್ರದ ನಟ್ಟು ಬಿಗಿ ಇರಲಿ. ಚಕ್ರ ಅಲುಗಾಡಿದರೆ ರಿಪೇರಿ ಮಾಡಿಸಿ.

ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್ ಇವೆ. ಒಂದು ಎಡ ಚಕ್ರಕ್ಕೆ, ಒಂದು ಬಲ ಚಕ್ರಕ್ಕೆ. ಹೊಲದಲ್ಲಿ ತಿರುಗಿಸಲು ಅವು ಬೇರೆ ಬೇರೆ ಬೇಕು. ರಸ್ತೆಗೆ ಬಂದಾಗ ಎರಡನ್ನೂ ಒಂದಕ್ಕೊಂದು ಲಾಕ್ ಮಾಡಿ. ಇಲ್ಲವಾದರೆ ಒಂದೇ ಚಕ್ರ ನಿಂತು ಟ್ರ್ಯಾಕ್ಟರ್ ಪಕ್ಕಕ್ಕೆ ತಿರುಗುತ್ತದೆ. ಹಿಂದಿನಿಂದ ಟ್ರೇಲರ್ ನೂಕುತ್ತದೆ.

ಟ್ರೇಲರಿನ ಹಿಂದೆ ಕೆಂಪು ದೀಪ, ಹೊಳೆಯುವ ಕೆಂಪು ಪಟ್ಟಿ ಇರಲಿ. ಕಬ್ಬಿನ ಸೋಗೆ ಅದನ್ನು ಮುಚ್ಚಬಾರದು. ರಾತ್ರಿ ಹಿಂದೆ ಬರುವ ಬೈಕಿನವರ ಪ್ರಾಣ ಈ ಪಟ್ಟಿಯಲ್ಲಿದೆ.

ದಾರಿಯಲ್ಲಿ

ನಿಧಾನವಾಗಿ ಹೋಗಿ. ವೇಗ ಎರಡರಷ್ಟಾದರೆ, ಬ್ರೇಕ್ ಒತ್ತಿದ ಮೇಲೆ ಗಾಡಿ ಸುಮಾರು ನಾಲ್ಕರಷ್ಟು ದೂರ ಹೋಗಿ ನಿಲ್ಲುತ್ತದೆ.

ಇಳಿಜಾರು ಬರುವ ಮೊದಲೇ ಚಿಕ್ಕ ಗೇರ್ ಹಾಕಿ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಬೇಡಿ. ಕ್ಲಚ್ ಒತ್ತಿಕೊಂಡು ಇಳಿಯಬೇಡಿ. ಎಂಜಿನ್ನೇ ಅರ್ಧ ಬ್ರೇಕ್.

ನಾಲೆ ಏರಿಯ ಮೇಲೆ ಅಂಚಿಗೆ ಹೋಗಬೇಡಿ. ಅಂಚಿನ ಮಣ್ಣು ಭಾರಕ್ಕೆ ಕುಸಿಯುತ್ತದೆ.

ಓಲಾಡಿದರೆ ಏನು ಮಾಡಬೇಕು?

ಗಾಬರಿ ಬೇಡ. ಮೊದಲು ಎಕ್ಸಲರೇಟರ್ ಬಿಡಿ. ಸ್ಟೇರಿಂಗನ್ನು ನೇರವಾಗಿ, ಗಟ್ಟಿಯಾಗಿ ಹಿಡಿಯಿರಿ. ಅತ್ತಿತ್ತ ತಿರುಗಿಸಬೇಡಿ. ಒಮ್ಮೆಲೇ ಬ್ರೇಕ್ ಒತ್ತಬೇಡಿ. ವೇಗ ತಾನೇ ಇಳಿಯಲಿ. ಆಮೇಲೆ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಭಾರ, ಪಿನ್ನು, ಟೈರು ನೋಡಿ. ಕಾರಣ ತಿಳಿಯದೆ ಮುಂದೆ ಹೋಗಬೇಡಿ.

ಅವ್ವ ಎಲ್ಲಿ ಕೂರಬೇಕು?

ಕಬ್ಬು ಕಡಿದು ಅವ್ವನಿಗೆ ಸುಸ್ತಾಗಿದೆ. "ಮಗಾ, ಕಬ್ಬಿನ ಮೇಲೆ ಕೂತ್ಕೊಂಡು ಬರ್ತೀನಿ" ಅಂದಳು.

"ಬ್ಯಾಡ ಕಣವ್ವ. ಹೇರು ಜಾರಿದರೆ ನೀನು ಅಡಿಗೆ ಸಿಕ್ಕೊಳ್ತೀಯ. ಬಸ್ಸಿನಲ್ಲಿ ಬಾ."

"ಎಲ್ಲಾರೂ ಕೂರ್ತಾರಲ್ಲ?"

"ಬಿದ್ದಮೇಲೆ ಎಲ್ಲಾರೂ ಅಳ್ತಾರೆ ಅವ್ವ."

ಹೇರಿನ ಮೇಲೆ ಯಾರೂ ಕೂರಬಾರದು. ಮಡ್ಗಾರ್ಡ್ ಮೇಲೂ, ಕೊಂಡಿಯ ಮೇಲೂ ಕೂರಬಾರದು. ಟ್ರೇಲರ್ ಇರುವುದು ಸರಕಿಗೆ, ಜನಕ್ಕಲ್ಲ. ಅಪಘಾತವಾದರೆ ವಿಮೆ ಹಣ ಸಿಗುವುದೂ ಕಷ್ಟ. ಯಾರಿಗಾದರೂ ಪೆಟ್ಟಾದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಒಂದು ಟನ್ ಕಬ್ಬು ನಾಳೆಯೂ ಹೋಗುತ್ತದೆ. ಹೋದ ಜೀವ ಬರುವುದಿಲ್ಲ.

ಹೊಸ ಪದಗಳು

ಹಿಂಭಾರ – ಹಿಂದೆ ಹೆಚ್ಚಾದ ಭಾರ
ಮೂಕಿ – ನೊಗ ಕಟ್ಟುವ ಗಾಡಿಯ ಉದ್ದನೆ ಮರ
ಅಚ್ಚು – ಎರಡು ಚಕ್ರಗಳನ್ನು ಸೇರಿಸುವ ಕಂಬಿ
ಹೇರು – ಗಾಡಿಯಲ್ಲಿ ತುಂಬಿದ ಸರಕು

ಅಭ್ಯಾಸ

1. ಬಿಟ್ಟ ಜಾಗ ತುಂಬಿ: ಟ್ರೇಲರ್ ಓಲಾಡಿದರೆ ಮೊದಲು ______ ಬಿಡಬೇಕು.
2. ಸರಿಯೋ ತಪ್ಪೋ ಹೇಳಿ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಕು.
3. ಲೆಕ್ಕ ಮಾಡಿ: ಒಂದು ಟ್ರೇಲರಿನ ಖಾಲಿ ತೂಕ 2000 ಕಿಲೋ. ತುಂಬಿದ ಮೇಲೆ 7000 ಕಿಲೋ ಮೀರಬಾರದು. ಎಷ್ಟು ಟನ್ ಕಬ್ಬು ತುಂಬಬಹುದು? (1 ಟನ್ = 1000 ಕಿಲೋ)
4. ನಿಮ್ಮ ಊರಿನ ಟ್ರೇಲರುಗಳ ಹಿಂದೆ ಕೆಂಪು ಪಟ್ಟಿ ಇದೆಯೇ? ನೋಡಿ ಬಂದು ಎರಡು ಸಾಲು ಬರೆಯಿರಿ.