ಕೂಸಿಗೆ ಔಷಧಿ ಬದಲಿಸಿದ್ದೇಕೆ?

ಪ್ರಶ್ನೆ: ನನ್ನ ಮಗಳಿಗೆ ಏಳೂವರೆ ತಿಂಗಳಿಗೇ ಹೆರಿಗೆಯಾಯಿತು. ಎನ್‌ಐಸಿಯುನಲ್ಲಿದ್ದ ಕೂಸಿಗೆ ಆರನೇ ದಿನ ನಂಜು ಏರಿದೆ ಎಂದರು. ಮೊದಲು ಕೊಟ್ಟ ಇಂಜೆಕ್ಷನ್ ಬಿಟ್ಟು, ಎರಡು ದಿನದ ನಂತರ ಮೆರೊಪೆನೆಮ್ ಶುರು ಮಾಡಿದರು. ಅದನ್ನೇ ಮೊದಲು ಕೊಡಬಾರದಿತ್ತೆ ಡಾಕ್ಟ್ರೇ?
– ಒಬ್ಬ ಅಜ್ಜಿ, ಹಾವೇರಿ

ಉತ್ತರ: ನಿಮ್ಮ ಸಿಟ್ಟು ಸಹಜ, ಅಮ್ಮ. ಆದರೆ ನಂಜು ಏರಿದ ಕೂಸಿನ ವಿಷಯದಲ್ಲಿ ಕಾಯುವಂತಿಲ್ಲ. ರಕ್ತವನ್ನು ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಾದ ಕಲ್ಚರ್‌ಗೆ ಕಳಿಸಿ, ಯಾವ ರೋಗಾಣು ಎಂದು ತಿಳಿಯುವ ಮೊದಲೇ ಔಷಧಿ ಆರಂಭಿಸಬೇಕು. ಹುಟ್ಟಿದ ಮೂರು ದಿನದ ನಂತರ ಆಸ್ಪತ್ರೆಯಲ್ಲೇ ತಗಲುವ ಸೋಂಕಿನ ರೋಗಾಣುಗಳು ಹೆಚ್ಚಾಗಿ ಆ ವಾರ್ಡಿನವೇ. ಹಾಗಾಗಿ ಅಲ್ಲಿ ಈಚೆಗೆ ಏನು ಬೆಳೆದಿದೆ, ಯಾವುದಕ್ಕೆ ಬಗ್ಗಿದೆ ಎಂಬ ಲೆಕ್ಕವೇ ವೈದ್ಯರಿಗೆ ದಾರಿ. ಪುಸ್ತಕಗಳು ಸೂಚಿಸುವ ಆಂಪಿಸಿಲಿನ್–ಜೆಂಟಮೈಸಿನ್ ಜೋಡಿ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಅನೇಕ ಸಲ ಸೋಲುತ್ತದೆ. ದೆಹಲಿಯ ಮೂರು ಆಸ್ಪತ್ರೆಗಳ ಶಿಶುಗಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕ ರೋಗಾಣು ಅಸಿನೆಟೊಬ್ಯಾಕ್ಟರ್. ಅದರಲ್ಲಿ ನೂರಕ್ಕೆ 82 ಹಲವು ಔಷಧಿಗಳಿಗೆ ಜಗ್ಗದವು.

ಹಾಗಾದರೆ ಎಲ್ಲ ಕೂಸಿಗೂ ಮೊದಲೇ ಮೆರೊಪೆನೆಮ್ ಹಾಕಿದರೆ? ಕ್ರಮೇಣ ಅದಕ್ಕೂ ಬಗ್ಗದ ಕ್ಲೆಬ್ಸಿಯೆಲ್ಲಾದಂಥ ರೋಗಾಣು ವಾರ್ಡಿನಲ್ಲಿ ಬೇರೂರಬಹುದು. ಆಮೇಲೆ ಉಳಿಯುವುದು ಕೊಲಿಸ್ಟಿನ್‌ನಂಥ ಒಂದೆರಡು ಔಷಧಿ. ಕೊಲಿಸ್ಟಿನ್‌ನಿಂದ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮಗು ತೀರಾ ಕುಸಿದಿದ್ದರೆ, ಮಿದುಳಿನ ಪೊರೆಗೆ ಸೋಂಕಿನ ಶಂಕೆಯಿದ್ದರೆ ಮೆರೊಪೆನೆಮ್ಮನ್ನೇ ಮೊದಲು ಕೊಡುವುದುಂಟು. ಕಲ್ಚರ್ ವರದಿ ನೋಡಿ ಬದಲಿಸುವುದು ಎಡವಟ್ಟಲ್ಲ, ಸರಿಯಾದ ಕ್ರಮ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಔಷಧಿಗೆ ಮುಂಚೆ ಕಲ್ಚರ್‌ಗೆ ರಕ್ತ ತೆಗೆದಿದ್ದರೇ?

ಪ್ರಶ್ನೆ: ನಮ್ಮ ಮಗುವಿಗೆ ಅಮಿಕಾಸಿನ್ ಶುರು ಮಾಡಿ, ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲವೆಂದು ಮೂರನೇ ದಿನ ನಿಲ್ಲಿಸಿಬಿಟ್ಟರು. ಕೋರ್ಸ್ ಪೂರ್ತಿ ಮಾಡಬೇಕಲ್ಲವೆ?
– ಒಬ್ಬ ತಂದೆ, ತುಮಕೂರು

ಉತ್ತರ: ಮಗು ಚುರುಕಾಗಿ ಹಾಲು ಕುಡಿಯುತ್ತಿದ್ದು, ಕಲ್ಚರ್ 48 ಗಂಟೆ ಕಳೆದರೂ ಬರಿದಾಗಿದ್ದರೆ ನಿಲ್ಲಿಸಿದ್ದೇ ಸರಿ. ನಿಜವಾದ ಸೋಂಕಿಗೆ ಏಳರಿಂದ ಹದಿನಾಲ್ಕು ದಿನ, ಮಿದುಳಿನ ಪೊರೆಯ ಸೋಂಕಾದ ಮೆನಿಂಜೈಟಿಸ್‌ಗೆ ಮೂರು ವಾರ ಬೇಕಾಗುತ್ತದೆ; ಇಲ್ಲದ ಸೋಂಕಿಗೆ ಎಂಥ ಕೋರ್ಸು? ತಿಂಗಳು ತುಂಬದ ಶಿಶುಗಳಿಗೆ ಅನವಶ್ಯಕವಾಗಿ ಎಳೆದ ಔಷಧಿಯಿಂದ ಶಿಲೀಂಧ್ರದ ಸೋಂಕು, ಕರುಳು ಕೊಳೆಯುವ ಕಾಯಿಲೆ ಹೆಚ್ಚುತ್ತವೆ. ಅಮಿಕಾಸಿನ್ ಕಿವಿಯ ನರಕ್ಕೆ ತೊಂದರೆ ಮಾಡಬಲ್ಲದು. ಮನೆಗೆ ಕಳಿಸುವ ಮುನ್ನ ಶ್ರವಣ ಪರೀಕ್ಷೆ ಮಾಡಿಸಿ. ಕೊಟ್ಟ ಔಷಧಿಗಳ ಹೆಸರು, ಕಲ್ಚರ್ ವರದಿ ಎರಡೂ ಡಿಸ್ಚಾರ್ಜ್ ಚೀಟಿಯಲ್ಲಿವೆಯೇ ನೋಡಿಕೊಳ್ಳಿ.