ಕಪ್ರೀಸ್ ದೋಣಿಯ ಬೇಸಗೆಗಳು

ಕೆನಡಾ ದೇಶದ ಪಶ್ಚಿಮ ತೀರದ ಭೂಪಟವನ್ನು ನೋಡಿದರೆ, ನೆಲ ಎಲ್ಲಿ ಮುಗಿಯಿತು, ಕಡಲು ಎಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಹಿಮಯುಗದಲ್ಲಿ ಹಿಮನದಿಗಳು ಬೆಟ್ಟಗಳ ನಡುವೆ ಆಳವಾದ ಕಣಿವೆಗಳನ್ನು ಕೊರೆದುವು. ಹಿಮ ಕರಗಿ ಹಿಂದೆ ಸರಿದಾಗ ಸಮುದ್ರವು ಆ ಕಣಿವೆಗಳೊಳಕ್ಕೆ ನುಗ್ಗಿತು. ಹೀಗೆ ಉಂಟಾದ ಉದ್ದನೆಯ, ಇಕ್ಕಟ್ಟಾದ ಕಡಲ ತೋಳುಗಳಿಗೆ ಫಿಯೋರ್ಡುಗಳೆಂದು ಹೆಸರು. ತೀರಕ್ಕೆ ಅಡ್ಡಲಾಗಿ ಸುಮಾರು 450 ಕಿಲೋಮೀಟರು ಉದ್ದದ ವ್ಯಾಂಕೂವರ್ ದ್ವೀಪವು ಗೋಡೆಯಂತೆ ನಿಂತಿದೆ. ಆ ದ್ವೀಪಕ್ಕೂ ಮುಖ್ಯ ಭೂಭಾಗಕ್ಕೂ ನಡುವೆ ಲೆಕ್ಕವಿಲ್ಲದಷ್ಟು ಚಿಕ್ಕಪುಟ್ಟ ದ್ವೀಪಗಳಿವೆ. ಇಲ್ಲಿಯ ಎಷ್ಟೋ ಊರುಗಳಿಗೆ ರಸ್ತೆಯಿಲ್ಲ, ನೀರೇ ದಾರಿ.

ಈ ದ್ವೀಪಗಳ ನಡುವೆ ಒಬ್ಬ ತಾಯಿ ತನ್ನ ಐದು ಮಕ್ಕಳೊಡನೆ ವರ್ಷವರ್ಷವೂ ಬೇಸಗೆಯನ್ನು ಯಂತ್ರದ ದೋಣಿಯಲ್ಲಿಯೇ ಕಳೆದಳು. ಆಕೆಯ ಹೆಸರು ಮ್ಯೂರಿಯಲ್ ವೈಲಿ ಬ್ಲಾಂಚೆಟ್. 1891ರಲ್ಲಿ ಕೆನಡಾದ ಪೂರ್ವಭಾಗದಲ್ಲಿ ಹುಟ್ಟಿದ ಆಕೆ ಮದುವೆಯಾದ ಕೆಲವು ವರ್ಷಗಳ ಅನಂತರ, ಗಂಡನೊಡನೆ ವ್ಯಾಂಕೂವರ್ ದ್ವೀಪದ ದಕ್ಷಿಣ ತುದಿಗೆ ಬಂದು, ಸಿಡ್ನಿ ಎಂಬ ಊರಿನ ಬಳಿ ಕಡಲಂಚಿನ ಮನೆಯೊಂದರಲ್ಲಿ ನೆಲೆಸಿದ್ದಳು. ಅವರ ಬಳಿ 'ಕಪ್ರೀಸ್' ಎಂಬ ದೋಣಿಯಿತ್ತು. 1926ರ ಸುಮಾರಿಗೆ ಒಮ್ಮೆ ಗಂಡ ಒಬ್ಬನೇ ಆ ದೋಣಿಯಲ್ಲಿ ಹೋದ. ದೋಣಿ ಸಿಕ್ಕಿತು, ಆತ ಸಿಗಲಿಲ್ಲ. ಈಜಲು ಇಳಿದವನು ಮುಳುಗಿರಬೇಕೆಂದು ಜನ ಊಹಿಸಿದರು.

ಅಂಥ ದೋಣಿಯನ್ನು ಇನ್ನೊಬ್ಬರಾಗಿದ್ದರೆ ಕಣ್ಣಿನಿಂದಲೂ ನೋಡಲು ಬಯಸುತ್ತಿರಲಿಲ್ಲ. ಬ್ಲಾಂಚೆಟ್ ಅದನ್ನು ಮಾರಲಿಲ್ಲ. ಬೇಸಗೆ ಬಂತೆಂದರೆ ಮನೆಯನ್ನು ಬಾಡಿಗೆಗೆ ಕೊಟ್ಟು, ಮಕ್ಕಳನ್ನು ಕರೆದುಕೊಂಡು ಅದೇ ದೋಣಿಯನ್ನು ಏರಿದಳು. ಬಾಡಿಗೆಯ ಹಣ ಸಂಸಾರಕ್ಕೆ ಬೇಕಾಗಿತ್ತು ಎಂಬುದೂ ನಿಜ. ಕಪ್ರೀಸಿನ ಉದ್ದ 25 ಅಡಿ, ಅಗಲ ಆರೂವರೆ ಅಡಿ. ಅಷ್ಟರೊಳಗೆ ಅಡುಗೆ, ಊಟ, ಆರು ಮಂದಿಯ ಬಾಳು! ಯಂತ್ರ ಕೆಟ್ಟರೆ ಸರಿಪಡಿಸುವವರು ಎಷ್ಟೋ ಮೈಲಿ ದೂರ. ಆದುದರಿಂದ ಆ ಕೆಲಸವನ್ನು ತಾನೇ ಕಲಿತಳು. ದೋಣಿಯಲ್ಲಿ ಸಮುದ್ರದ ನಕ್ಷೆಗಳು, ದಿಕ್ಸೂಚಿ, ಉಬ್ಬರ ಇಳಿತಗಳ ಪಟ್ಟಿ ಇವೇ ಸಾಧನಗಳು.

ಇವುಗಳಲ್ಲಿ ಉಬ್ಬರ ಇಳಿತಗಳ ಪಟ್ಟಿಯ ಬೆಲೆ ಆ ತೀರವನ್ನು ಬಲ್ಲವರಿಗೇ ಗೊತ್ತು. ಅಲ್ಲಿ ಕಡಲು ಏರಿದಾಗ ಮತ್ತು ಇಳಿದಾಗ ನೀರಿನ ಮಟ್ಟದಲ್ಲಿ ಕೆಲವು ದಿನ ನಾಲ್ಕೈದು ಮೀಟರುಗಳಷ್ಟು ವ್ಯತ್ಯಾಸವಾಗುತ್ತದೆ. ವ್ಯಾಂಕೂವರ್ ದ್ವೀಪವು ಅಡ್ಡವಿರುವುದರಿಂದ ಉಬ್ಬರದ ನೀರು ದ್ವೀಪದ ಎರಡು ತುದಿಗಳಿಂದಲೂ ಒಳಬಂದು ನಡುವೆ ಸಂಧಿಸುತ್ತದೆ. ಸಂಧಿಸುವ ಕಡೆ ಪ್ರವಾಹ ಮಂದ. ಬೇಸಗೆಯಲ್ಲಿ ನೀರು ಬೆಚ್ಚಗಾಗಿ ಮಕ್ಕಳು ಗಂಟೆಗಟ್ಟಲೆ ಈಜಬಹುದು. ಆದರೆ ಅಷ್ಟು ನೀರು ಇಕ್ಕಟ್ಟಾದ ಜಲಸಂಧಿಗಳಲ್ಲಿ ಹಾದುಹೋಗುವಾಗ ಅದರ ರಭಸ ಭಯಂಕರ. ಸೀಮೋರ್ ಜಲಸಂಧಿಯಲ್ಲಿ ನೀರು ಗಂಟೆಗೆ ಸುಮಾರು 28 ಕಿಲೋಮೀಟರು ವೇಗದವರೆಗೂ ಹರಿಯುವುದುಂಟು. ಅದರ ನಡುವೆ, ನೀರಿನ ಅಡಿಯಲ್ಲಿ, ರಿಪಲ್ ರಾಕ್ ಎಂಬ ಬಂಡೆಯೊಂದು ಅಡಗಿ ಅನೇಕ ಹಡಗುಗಳನ್ನು ಒಡೆದಿತ್ತು. 1958ರ ಏಪ್ರಿಲ್ 5ರಂದು ಸಿಡಿಮದ್ದಿನಿಂದ ಅದರ ತಲೆಯನ್ನು ಹಾರಿಸಿದರು. ಬ್ಲಾಂಚೆಟ್ ಸಂಚರಿಸುತ್ತಿದ್ದ ಕಾಲದಲ್ಲಿ ಅದು ಇನ್ನೂ ಅಲ್ಲಿಯೇ ಇತ್ತು. ಉತ್ತರಕ್ಕೆ ಹೋಗುವ ದೋಣಿ ಇದನ್ನಾಗಲಿ, ಇದರಂಥ ಇನ್ನೊಂದು ಇಕ್ಕಟ್ಟನ್ನಾಗಲಿ ದಾಟಲೇಬೇಕು. ಉಬ್ಬರ ನಿಂತು ಇಳಿತ ಮೊದಲಾಗುವ ಮುನ್ನ ನೀರು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಚಿಕ್ಕ ದೋಣಿಗೆ ಬಾಗಿಲು ತೆರೆಯುವುದು ಆಗ ಮಾತ್ರ. ಅದಕ್ಕಾಗಿ ಕಾಯಲಾರದವನು ಆ ನೀರಿಗೆ ಹೋಗಬಾರದು.

ಹಗಲಿನ ಪಯಣಕ್ಕಿಂತ ರಾತ್ರಿಯ ತಂಗುವಿಕೆಯೇ ಕಷ್ಟದ್ದು. ಲಂಗರನ್ನು ನೀರಿಗೆ ಎಸೆದರೆ ದೋಣಿ ನಿಂತಿತು ಎಂದು ಹೊಸಬರು ಭಾವಿಸುತ್ತಾರೆ. ಲಂಗರು ತನ್ನ ಭಾರದಿಂದ ದೋಣಿಯನ್ನು ಹಿಡಿಯುವುದಿಲ್ಲ. ಅದರ ಕೊಂಡಿ ನೆಲಕ್ಕೆ ನಾಟಿಕೊಂಡು ಹಿಡಿಯುತ್ತದೆ. ಹಗ್ಗವು ಅದನ್ನು ನೆಲದುದ್ದಕ್ಕೂ ಅಡ್ಡವಾಗಿ ಎಳೆದರೆ ಕೊಂಡಿ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಆದುದರಿಂದ ನೀರಿನ ಆಳದ ಐದರಿಂದ ಏಳು ಪಟ್ಟು ಉದ್ದದ ಹಗ್ಗವನ್ನು ಬಿಡಬೇಕು. ಲೆಕ್ಕ ಸುಲಭವೆಂದು ತೋರಬಹುದು. ಆದರೆ ಯಾವ ಹೊತ್ತಿನ ಆಳ? ಸಂಜೆ ಇಳಿತದ ಸಮಯದಲ್ಲಿ ನಾಲ್ಕು ಮೀಟರು ಆಳವಿದೆಯೆಂದು 20 ಮೀಟರು ಹಗ್ಗ ಬಿಟ್ಟು ಮಲಗಿದರೆ, ನಡುರಾತ್ರಿ ಉಬ್ಬರವೇರಿ ಆಳವು ಎಂಟು ಮೀಟರಾಗುತ್ತದೆ. ಆಗ ಹಗ್ಗ ಎರಡೂವರೆ ಪಟ್ಟು ಮಾತ್ರ. ಗಾಳಿಯೊಂದು ಬೀಸಿದರೆ ಲಂಗರು ಕಿತ್ತು, ಮಲಗಿದವರಿಗೆ ತಿಳಿಯದಂತೆಯೇ ದೋಣಿ ಬಂಡೆಯ ಕಡೆಗೆ ತೇಲುತ್ತದೆ. ಅದಕ್ಕೆ ಪ್ರತಿಯಾಗಿ ಉಬ್ಬರದ ಹೊತ್ತಿನಲ್ಲಿ ಐದು ಮೀಟರು ನೀರಿನಲ್ಲಿ ನಿಲ್ಲಿಸಿದವರು, ಬೆಳಗಾಗುವಷ್ಟರಲ್ಲಿ ದೋಣಿಯು ಕೆಸರಿನ ಮೇಲೆ ಪಕ್ಕಕ್ಕೆ ವಾಲಿ ಮಲಗಿರುವುದನ್ನು ಕಂಡಾರು.

ನೆಲ ಎಂಥದು ಎಂಬುದನ್ನೂ ತಿಳಿಯಬೇಕು. ಕೆಸರು, ಮರಳು ಲಂಗರನ್ನು ಚೆನ್ನಾಗಿ ಹಿಡಿಯುತ್ತವೆ. ನುಣುಪಾದ ಬಂಡೆ ಹಿಡಿಯದು. ಬಂಡೆಯ ಸಂದಿಯಾದರೆ ಹಿಡಿದುದನ್ನು ಬಿಡದು! ಪ್ರತಿಧ್ವನಿಯಿಂದ ಆಳವನ್ನಳೆಯುವ ಯಂತ್ರಗಳು ಚಿಕ್ಕ ದೋಣಿಗಳಿಗೆ ಬರುವ ಮೊದಲು ನಾವಿಕರು ಹಗ್ಗದ ತುದಿಗೆ ಸೀಸದ ಗುಂಡನ್ನು ಕಟ್ಟಿ ಇಳಿಬಿಡುತ್ತಿದ್ದರು. ಗುಂಡಿನ ಅಡಿಗೆ ಮೆತ್ತಿದ ಕೊಬ್ಬಿಗೆ ತಳದ ಮರಳೋ ಮಣ್ಣೋ ಅಂಟಿಕೊಂಡು ಮೇಲೆ ಬರುತ್ತಿತ್ತು.

ಫಿಯೋರ್ಡಿನಲ್ಲಿ ಮತ್ತೊಂದು ತೊಡಕು: ನೆಲವೇ ಸಿಗುವುದಿಲ್ಲ. ಜರ್ವಿಸ್ ಕಡಲತೋಳಿನ ಆಳ ಒಂದು ಕಡೆ 700 ಮೀಟರುಗಳಿಗೂ ಮಿಗಿಲು. ಬೆಟ್ಟದ ಗೋಡೆ ಮೇಲೆ ಎಷ್ಟು ಕಡಿದಾಗಿದೆಯೋ ನೀರಿನೊಳಗೂ ಅಷ್ಟೇ ಕಡಿದು. ದಡಕ್ಕೆ ಕೈಚಾಚುವಷ್ಟು ಹತ್ತಿರ ಹೋದರೂ ಲಂಗರು ತಳ ಮುಟ್ಟದಿರಬಹುದು. ಅಲ್ಲಿ ಹುಡುಕಬೇಕಾದುದು ತೊರೆಗಳ ಬಾಯನ್ನು. ತೊರೆಯು ಬೆಟ್ಟದಿಂದ ತಂದ ಹೂಳು ಅಲ್ಲಿ ಜಗಲಿಯಂತೆ ನೀರಿನೊಳಗೆ ಕೂಡಿರುತ್ತದೆ. ಆ ಜಗಲಿಯ ಮೇಲೆ ಲಂಗರನ್ನು ಬಿಟ್ಟು, ದೋಣಿಯ ಹಿಂಭಾಗದಿಂದ ಇನ್ನೊಂದು ಹಗ್ಗವನ್ನು ಒಯ್ದು ದಡದ ಮರಕ್ಕೆ ಬಿಗಿಯುವುದುಂಟು.

ಈ ಉಪಾಯದ ಅತ್ಯಂತ ಸುಂದರ ನಿದರ್ಶನವು ಜರ್ವಿಸ್ ತೋಳಿನ ಕವಲಾದ ಪ್ರಿನ್ಸೆಸ್ ಲೂಯಿಸಾ ಎಂಬಲ್ಲಿದೆ. ಅದರ ಬಾಯಿ ಬಹಳ ಕಿರಿದು. ಉಬ್ಬರ ಇಳಿತಗಳಲ್ಲಿ ನೀರು ಅಲ್ಲಿ ನೊರೆಗರೆಯುತ್ತದೆ. 1792ರಲ್ಲಿ ಈ ತೀರವನ್ನು ಅಳೆಯಲು ಬಂದ ಆಂಗ್ಲ ನಾವಿಕ ಜಾರ್ಜ್ ವ್ಯಾಂಕೂವರ್ ಕೂಡ ಅದನ್ನು ಒಂದು ಹಳ್ಳವೆಂದು ತಿಳಿದು ಒಳಹೊಗದೆ ಹಿಂದಿರುಗಿದನು. ಬ್ಲಾಂಚೆಟ್ ಆತನ ಪ್ರವಾಸಕಥನವನ್ನು ಓದಿದ್ದಳು. ಆತ ಬಿಟ್ಟುಹೋದ ಆ ಬಾಗಿಲನ್ನು ಆಕೆ ತನ್ನ ಮಕ್ಕಳೊಡನೆ ದಾಟಿದಳು. ಒಳಗೆ ಸುಮಾರು ಎಂಟು ಕಿಲೋಮೀಟರು ಉದ್ದದ ನಿಶ್ಚಲವಾದ ನೀರು, ಎರಡು ಕಡೆಯೂ ಮುಗಿಲು ಮುಟ್ಟುವ ಬೆಟ್ಟಗಳು, ಕೊನೆಯಲ್ಲಿ ಚ್ಯಾಟರ್‌ಬಾಕ್ಸ್ ಎಂಬ ಜಲಪಾತ. ಬಾಯಾಡಿ, ಮಾತಿನಮಲ್ಲಿ ಎಂದು ಆ ಹೆಸರಿನ ಅರ್ಥ! ಜಲಪಾತ ತಂದ ಹೂಳಿನ ಮೇಲೆ, ಅದರ ಎದುರಿಗೇ ಲಂಗರು ಬಿಟ್ಟರೆ, ಧುಮುಕಿ ಹೊರಬರುವ ನೀರು ದೋಣಿಯನ್ನು ಸದಾ ಹಿಂದಕ್ಕೆ ತಳ್ಳುತ್ತ ಹಗ್ಗವನ್ನು ಬಿಗಿಯಾಗಿರಿಸುತ್ತದೆ. ದೋಣಿಯ ಮೂತಿ ರಾತ್ರಿಯೆಲ್ಲ ಜಲಪಾತದ ಕಡೆಗೇ ಇರುತ್ತದೆ.

ಈ ಕಥೆಯಲ್ಲಿ ಮೆಚ್ಚಲಾಗದ ಭಾಗವೂ ಇದೆ. ಆ ತೀರ ನಿರ್ಜನವಾದುದಲ್ಲ; ಸಾವಿರಾರು ವರ್ಷಗಳಿಂದ ಅದು ಮೂಲನಿವಾಸಿಗಳ ನೆಲೆ. ಬೇಸಗೆಯಲ್ಲಿ ಅವರು ಮೀನುಗಾರಿಕೆಗಾಗಿ ಬೇರೆಡೆಗೆ ಹೋಗಿರುತ್ತಿದ್ದರು. ಆಗ ಬರಿದಾಗಿ ಕಾಣುತ್ತಿದ್ದ ಅವರ ಚಳಿಗಾಲದ ಹಳ್ಳಿಗಳನ್ನು ಬ್ಲಾಂಚೆಟ್ ಮತ್ತು ಮಕ್ಕಳು ಹೊಕ್ಕು ನೋಡಿದರು. ಯಜಮಾನರಿಲ್ಲದ ಮನೆಯೊಳಕ್ಕೆ ಕರೆಯದೆ ಹೋಗುವುದು ಎಲ್ಲಿಯಾದರೂ ತಪ್ಪೇ. ಅಂದಿನ ವಲಸೆಗಾರರಿಗೆ ಅದು ತಪ್ಪೆಂದು ತೋರಲಿಲ್ಲ.

ಮಕ್ಕಳು ಬೆಳೆದು ಒಬ್ಬೊಬ್ಬರಾಗಿ ದೂರ ಹೋದರು. ಎರಡನೆಯ ಮಹಾಯುದ್ಧ ಮುಗಿದ ಅನಂತರ ಕಪ್ರೀಸನ್ನು ಮಾರಿದ್ದಾಯಿತು. ಮುಂದೆ ಅದು ಬೆಂಕಿಗೆ ಆಹುತಿಯಾಯಿತು. ಬ್ಲಾಂಚೆಟ್ ಆ ಬೇಸಗೆಗಳ ನೆನಪುಗಳನ್ನು ಬರೆದಿಟ್ಟಳು. ಯಾವ ಬೇಸಗೆಯಲ್ಲಿ ಏನು ನಡೆಯಿತೆಂಬ ಲೆಕ್ಕವನ್ನು ಆಕೆ ಇಡಲಿಲ್ಲ. ಎಲ್ಲ ವರ್ಷಗಳೂ ಬೆರೆತು ಒಂದೇ ದೀರ್ಘ ಬೇಸಗೆಯಾಗಿ ಆ ಪುಟಗಳಲ್ಲಿ ಹರಿದಿವೆ. 'ದಿ ಕರ್ವ್ ಆಫ್ ಟೈಮ್' ಎಂಬ ಹೆಸರಿನಲ್ಲಿ ಆ ಪುಸ್ತಕ 1961ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆಕೆ ತೀರಿಕೊಂಡಳು. ಗಂಡನಿಗೆ ಏನಾಯಿತೆಂಬ ವಿಷಯ ಆ ಪುಸ್ತಕದಲ್ಲಿ ಹೆಚ್ಚೇನೂ ಬರುವುದಿಲ್ಲ. ಈಗಲೂ ಬೇಸಗೆಯಲ್ಲಿ ಪ್ರಿನ್ಸೆಸ್ ಲೂಯಿಸಾಕ್ಕೆ ಬರುವ ದೋಣಿಗಳು ಹೊರಗೆ ನೀರು ಸುಮ್ಮನಾಗುವವರೆಗೆ ಕಾದು, ಒಳಹೊಕ್ಕು, ಜಲಪಾತದ ಮುಂದೆ ಲಂಗರು ಬಿಡುತ್ತವೆ. ಅವುಗಳಲ್ಲಿ ಕೆಲವರ ಕೈಯಲ್ಲಿ ನಕ್ಷೆಯ ಜೊತೆಗೆ ಆ ಪುಸ್ತಕವೂ ಇರುತ್ತದೆ.